ಸಾಹೇಬರೇ ಓದಿದ ಅಭಿನಂದನಾ ಪತ್ರ

ಗದಗಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ ನೀಲಾಂಬಿಕೆ ಎಂಬ ಲ್ಯಾಬ್ ಸಹಾಯಕಿ ಇದ್ದಳು. ಅವಳ ಲ್ಯಾಬಿನಲ್ಲಿ ಅಂಗೈಯಗಲದ ನಲವತ್ತು ಪುಟ್ಟ ಕಂಪ್ಯೂಟರುಗಳಿದ್ದವು. ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ಹೊಸ ಆವೃತ್ತಿ ಹಾಕಿದರೆ ಒಂದರ ಪರದೆಯೂ ಬೆಳಗುತ್ತಿರಲಿಲ್ಲ. ಪರದೆ ಬೆಳಗಿಸುವ ಕೋಡನ್ನು ಅವುಗಳ ಚಿಪ್ ತಯಾರಿಸಿದ ಕಂಪನಿ ಬಚ್ಚಿಟ್ಟುಕೊಂಡಿತ್ತು. ಎಷ್ಟು ಪತ್ರ ಬರೆದರೂ ಉತ್ತರವಿಲ್ಲ. ಪರೀಕ್ಷೆ ಬೇರೆ ಹತ್ತಿರ ಬಂದಿತ್ತು.

ಅಷ್ಟರಲ್ಲಿ ಕಂಪನಿಯ ದೊಡ್ಡ ಸಾಹೇಬರು, ಶ್ರೀನಿಧಿ ದೇಸಾಯರು, ಸನ್ಮಾನಕ್ಕೆಂದು ಕಾಲೇಜಿಗೆ ಬಂದರು.

"ನಮ್ಮ ಚಿಪ್ಪಿನಲ್ಲಿ ಎಲ್ಲವೂ ಮುಕ್ತ ಅಂತ ಅಭಿನಂದನಾ ಪತ್ರ ಬರೀರಿ. ವೇದಿಕೆ ಮೇಲೆ ನಾನೇ ಓದ್ತೀನಿ," ಎಂದು ಅಪ್ಪಣೆ ಕೊಟ್ಟರು.

ಪ್ರಿನ್ಸಿಪಾಲರು ತಡವರಿಸಿದರು. "ನಾ ಬರೀತೀನ್ರಿ," ಎಂದಳು ನೀಲಾಂಬಿಕೆ.

ಮೊದಲೇ ಓದಿಕೊಳ್ಳಲು ಸಾಹೇಬರಿಗೆ ಪುರುಸೊತ್ತೆಲ್ಲಿ? ಹಾರ ಸರಿಮಾಡಿಕೊಳ್ಳುವುದಿತ್ತು. ನೇರವಾಗಿ ಮೈಕಿನಲ್ಲೇ ಶುರುಮಾಡಿದರು.

"ಇವರ ಚಿಪ್ಪಿನಲ್ಲಿ ಗುಟ್ಟೆಂಬುದೇ ಇಲ್ಲ!" ಚಪ್ಪಾಳೆ ಬಿತ್ತು.

"ಇಂಥ ಉದಾರಿ ಇನ್ನೊಬ್ಬರಿಲ್ಲ!" ಸಾಹೇಬರ ಎದೆ ಉಬ್ಬಿತು.

"ಪರದೆಯ ಕೋಡನ್ನು ಇವರು ಈಗಲೇ, ಈ ವೇದಿಕೆಯಿಂದಲೇ, ಎಲ್ಲರಿಗೂ ಬಿಡುಗಡೆ ಮಾಡುತ್ತಿದ್ದಾರೆ!"

ಓದಿದ್ದೇನೆಂದು ಸಾಹೇಬರಿಗೆ ತಿಳಿಯುವಷ್ಟರಲ್ಲಿ ಹುಡುಗಹುಡುಗಿಯರೆಲ್ಲ ಎದ್ದು ನಿಂತು ಕುಣಿಯುತ್ತಿದ್ದರು. ಶಿಳ್ಳೆ, ಕೇಕೆ, ಪತ್ರಿಕೆಯವರ ಕ್ಯಾಮೆರಾ! ಇನ್ನು ಹಿಂದೆ ಸರಿಯಲು ದಾರಿಯಿರಲಿಲ್ಲ. ಬೆವರೊರೆಸಿಕೊಂಡು ಕಚೇರಿಗೆ ಫೋನು ಹಚ್ಚಿದರು.

"ಕೋಡು ಎರಡು ವರ್ಷದಿಂದ ರೆಡಿ ಇದೆ ಸರ್. ನಿಮ್ಮ ಒಪ್ಪಿಗೆಗೇ ಕಾಯ್ತಿದ್ವಿ!" ಎಂದಳು ಅತ್ತಲಿನ ಎಂಜಿನಿಯರು, ಖುಷಿ ತಡೆಯಲಾರದೆ.

ಸಂಜೆಯೊಳಗೆ ನಲವತ್ತೂ ಪರದೆಗಳು ಝಗ್ಗೆಂದು ಬೆಳಗಿದವು. ಹೊರಡುವಾಗ ಸಾಹೇಬರು ನೀಲಾಂಬಿಕೆಯನ್ನು ದುರುಗುಟ್ಟಿ ನೋಡಿದರು.

"ಎಂಥಾ ಸುಳ್ಳು ಬರೆದಿದ್ರಮ್ಮ!"

"ಬರೆಯೋವಾಗ ಸುಳ್ಳೇ ಇತ್ರಿ ಸಾಹೇಬ್ರ," ಎಂದು ಅವಳು ಕೈಮುಗಿದಳು. "ಓದಿ ಖರೇ ಮಾಡಿದವರು ನೀವು."