ಮದುವೆಗೊಂದು ಕೋಣೆ, ಶ್ರದ್ಧಾಂಜಲಿಗೊಂದು ಕೋಣೆ

ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಬೆಳಿಗ್ಗೆಯೇ ಮೌಸಿನ ಬಾಣಕ್ಕೆ ತಲೆ ಕೆಟ್ಟುಹೋಗಿತ್ತು. ಮದುವೆ ಬ್ಯಾನರು, ಶ್ರದ್ಧಾಂಜಲಿ ಬ್ಯಾನರು, ಕ್ರಿಕೆಟ್ ಸ್ಕೋರು ಎಲ್ಲವೂ ಪರದೆಯ ಮೇಲೆ ಒಂದರ ಮೇಲೊಂದು ಬಿದ್ದಿದ್ದವು. ಆ ಗಡಿಬಿಡಿಯಲ್ಲಿ ಅದು ಮದುಮಗನ ಫೋಟೊವನ್ನು "ಮತ್ತೆ ಹುಟ್ಟಿ ಬನ್ನಿ" ಎಂಬ ಸಾಲಿನ ಕೆಳಗೆ ಅಂಟಿಸಿಬಿಟ್ಟಿತು.

"ಅಯ್ಯೋ ಪುಣ್ಯಾತ್ಮ!" ಎಂದಿತು ಪರದೆ. "ನಾನಿರುವುದು ಒಂದೇ ಆದರೂ ನನ್ನೊಳಗೆ ಬೇರೆ ಬೇರೆ ಡೆಸ್ಕ್‌ಟಾಪ್ ಮಾಡಿಕೊಳ್ಳಬಹುದು, ಒಂದೇ ಮನೆಯೊಳಗೆ ಕೋಣೆಗಳಿದ್ದ ಹಾಗೆ. ಒಂದೊಂದು ಕೆಲಸಕ್ಕೆ ಒಂದೊಂದು ಇಟ್ಟುಕೋ."

ಬಾಣ ಹಾಗೇ ಮಾಡಿತು. ಮದುವೆ ಒಂದರಲ್ಲಿ, ಶ್ರದ್ಧಾಂಜಲಿ ಇನ್ನೊಂದರಲ್ಲಿ, ಕ್ರಿಕೆಟ್ಟು ಮತ್ತೊಂದರಲ್ಲಿ. ಎಂಥ ಅಚ್ಚುಕಟ್ಟು!

ಸಂಜೆ ಮದುಮಗನ ಅಪ್ಪ ಬ್ಯಾನರು ಕೇಳಿಕೊಂಡು ಬಂದಾಗ ಮಗ ಇನ್ನೂ ಶ್ರದ್ಧಾಂಜಲಿಯಲ್ಲೇ ಇದ್ದ.

"ಎಲ್ಲಕ್ಕೂ ಬೇರೆ ಬೇರೆ ಕೋಣೆ ಮಾಡಿದ್ದೆನಲ್ಲ!" ಎಂದು ಬಾಣ ಗೊಣಗಿತು.

"ಮಾಡಿದೆ, ಇಲ್ಲ ಅನ್ನಲಿಲ್ಲ," ಎಂದಿತು ಪರದೆ. "ಕ್ರಿಕೆಟ್ಟಿನ ಕೋಣೆಯಿಂದ ನೀನು ಆಚೆ ಬಂದಿದ್ದು ಯಾವಾಗ?"