ಕಾಶವ್ವನ ಚಟ್ನಿ

"ಗುರುಗಳೇ, ಕೋಪ ಯಾವಾಗಲೂ ಪಾಪವೇ?" ಎಂದು ಶಿಷ್ಯ ಕೇಳಿದ.

"ಯಾರ ಮೇಲಿನ ಕೋಪ?" ಎಂದರು ಗುರುಗಳು.

"ನಮ್ಮ ಊರಿಗೆ ದೊಡ್ಡ ಕಂಪನಿಯ ಅಂಗಡಿ ಬಂದಿದೆ. ಅಂಥದೇ ಅಂಗಡಿ ಪಕ್ಕದ ಊರಿನಲ್ಲೂ ಇದೆ, ಅದರಾಚೆಯ ಊರಿನಲ್ಲೂ ಇದೆ. ಒಳಗೆ ಹೋದರೆ ಯಾವ ಊರಿನಲ್ಲಿದ್ದೇವೆ ಎಂಬುದೇ ತಿಳಿಯುವುದಿಲ್ಲ. ಅದು ಬಂದ ಮೇಲೆ ಪೇಟೆಯ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಆ ಗಾಜಿನ ಬಾಗಿಲು ಕಂಡರೆ ಮೈ ಉರಿಯುತ್ತದೆ. ಕಲ್ಲು ಎತ್ತಿ ಹೊಡೆಯೋಣ ಅನ್ನಿಸುತ್ತದೆ. ಧ್ಯಾನಕ್ಕೆ ಕುಳಿತರೂ ಅದೇ ಕಣ್ಣಿಗೆ ಬರುತ್ತದೆ. ಈ ಕೋಪ ಸರಿಯೋ ತಪ್ಪೋ, ನೀವೇ ಹೇಳಬೇಕು."

ಗುರುಗಳು ಈ ಕತೆ ಹೇಳಿದರು.

ಜೋಳದ ಸೀಮೆಯ ಒಂದು ಊರಿನಲ್ಲಿ ಕಾಶವ್ವ ಎಂಬವಳು ಖಾನಾವಳಿ ನಡೆಸುತ್ತಿದ್ದಳು. ಗಂಡ ತೀರಿಕೊಂಡ ವರ್ಷ ಹೊಟ್ಟೆಪಾಡಿಗೆಂದು ಹಚ್ಚಿದ ಒಲೆ ಅದು. ಬಿಸಿ ರೊಟ್ಟಿ, ಒಂದು ಪಲ್ಯ, ಮೊಸರು, ಗುರೆಳ್ಳು ಚಟ್ನಿ. ಇಷ್ಟೇ ಊಟ. ಆ ಚಟ್ನಿಗಾಗಿಯೇ ಜನ ಬರುತ್ತಿದ್ದರು. ಬಾಗಿಲ ಮೇಲಿನ ಹಲಗೆಯ ಮೇಲೆ 'ಕಾಶವ್ವನ ಖಾನಾವಳಿ' ಎಂದು ಯಾರೋ ಉಂಡವರೇ ಬರೆದುಕೊಟ್ಟಿದ್ದರು.

ಅವಳ ಬಾಯಿ ಜೋರು. ಉಣ್ಣುವವರ ಬಾಯಿಯೂ ಕಡಿಮೆಯದಲ್ಲ. ರೊಟ್ಟಿ ದಪ್ಪವಾದರೆ ಅವಳಿಗೆ ಬೈಗುಳ ಬೀಳುತ್ತಿತ್ತು. ತಟ್ಟೆಯಲ್ಲಿ ರೊಟ್ಟಿ ಬಿಟ್ಟರೆ ಅವರಿಗೆ ಬೀಳುತ್ತಿತ್ತು. ಒಂದು ದಿನ ಗೋಡೆ ಕಟ್ಟುವ ಒಬ್ಬ ಗೌಂಡಿ ಪಲ್ಯ ಉಪ್ಪಾಯಿತೆಂದು ತಟ್ಟೆಯನ್ನೇ ನೂಕಿ ಎದ್ದುಹೋದ. ಅವನ ಬೆನ್ನಿಗೆ ಅವಳು ಓಣಿಗೆಲ್ಲ ಕೇಳುವಂತೆ ಬೈದಳು. ಮರುದಿನ ಮಧ್ಯಾಹ್ನ ಅವನು ಅದೇ ಜಾಗದಲ್ಲಿ ಕುಳಿತಿದ್ದ. ಅವಳು ಏನೂ ಆಗದವಳಂತೆ ರೊಟ್ಟಿ ಹಾಕಿದಳು.

ಆ ಊರಿನ ಶಾಲೆಯಲ್ಲಿ ಒಬ್ಬರು ಮೇಷ್ಟ್ರಿದ್ದರು. ಒಂಟಿ ಜೀವ. ಎರಡು ಹೊತ್ತೂ ಅವಳಲ್ಲಿಯೇ ಊಟ. ಅವರಿಗೆ ಜ್ವರ ಬಂದಾಗ ಅವಳು ಗಂಜಿ ಕಾಯಿಸಿ ಅವರ ಕೋಣೆಗೆ ಒಯ್ದು ಕೊಟ್ಟಿದ್ದಳು.

ಹೀಗಿರುವಾಗ ಕೊರಳಿಗೆ ಕಂಪನಿಯ ಗುರುತಿನ ಪಟ್ಟಿ ಹಾಕಿಕೊಂಡ ಇಬ್ಬರು ಊಟಕ್ಕೆ ಬಂದರು. ಚಟ್ನಿ ತಿಂದು ತಲೆದೂಗಿದರು. ಹೇಗೆ ಮಾಡುತ್ತೀರಿ ಎಂದು ಕೇಳಿದರು. ಉಂಡವರು ಕೇಳಿದರೆ ಅವಳು ಯಾವತ್ತೂ ಮುಚ್ಚಿಟ್ಟವಳಲ್ಲ. ಗುರೆಳ್ಳು ಎಷ್ಟು ಹುರಿಯಬೇಕು, ಬೆಳ್ಳುಳ್ಳಿ ಯಾವಾಗ ಹಾಕಬೇಕು, ಎಲ್ಲವನ್ನೂ ಹೇಳಿದಳು. ಒಬ್ಬ ಕ್ಯಾಮೆರಾ ಹಿಡಿದ.

"ಅವ್ವಾರ, ನಿಮ್ಮ ಚಟ್ನಿ ನಿಮ್ಮ ಹೆಸರಲ್ಲೇ ನಾಡಿಗೆಲ್ಲ ತಿನ್ನಸ್ತೀವಿ. ಒಪ್ಪಿಗೆ ಐತೇನ್ರಿ?" ಎಂದು ಇನ್ನೊಬ್ಬ ಕೇಳಿದ.

ಕಾಶವ್ವ ನಕ್ಕಳು. "ತಿನ್ನಸ್ರಿ ಯಪ್ಪಾ. ತಿನ್ನಾಕ ಯಾರ ಅಪ್ಪಣೆ ಬೇಕು?" ಎಂದಳು.

ಅದೂ ಕ್ಯಾಮೆರಾದಲ್ಲಿ ಉಳಿಯಿತು.

ಮುಂದೆ ಆ ಊರಿನ ಬಸ್ ನಿಲ್ದಾಣದ ಎದುರು ದೊಡ್ಡ ಅಂಗಡಿಯೊಂದು ಎದ್ದಿತು. ತಂಪು ಗಾಳಿ, ಹಾಡು, ಬೆಳಕು. ಊರಿಗೆ ಊರೇ ಒಳಗೆ ಹೋಗಿ ಬಂತು. ಹೂವು ಮಾರುವವಳು ಓಡಿ ಬಂದು, "ಕಾಶಕ್ಕಾ, ಅಲ್ಲಿ ನಿನ್ನ ಫೋಟೋ ಇಟ್ಟಾರ!" ಎಂದಳು.

ಕಾಶವ್ವ ಕೈಯ ಹಿಟ್ಟನ್ನು ಒರೆಸಿಕೊಂಡು ಹೋದಳು. ಒಂದು ಗೋಡೆಯ ತುಂಬ ಚಟ್ನಿಯ ಪ್ಯಾಕೆಟ್ಟುಗಳು. 'ಕಾಶವ್ವನ ಚಟ್ನಿ' ಎಂದು ಬರೆದಿತ್ತು. ಪ್ರತಿಯೊಂದರ ಮೇಲೂ ಅವಳ ಮುಖ ನಗುತ್ತಿತ್ತು. ಮೂಗಿಗೆ ಅವಳು ಎಂದೂ ಇಟ್ಟುಕೊಳ್ಳದ ದೊಡ್ಡ ನತ್ತು ಬರೆದಿದ್ದರು. ಹಣೆಗೆ ಅಗಲವಾದ ಕುಂಕುಮ ಇಟ್ಟಿದ್ದರು. ಗಂಡನ ಹೆಣದ ಪಕ್ಕ ಕುಳಿತು ತನ್ನ ಕೈಯಾರೆ ಒರೆಸಿಕೊಂಡ ಕುಂಕುಮ ಅದು. ಅವಳನ್ನು ಕೇಳದೆ, ಮುಖ ಕಾಣದ ಯಾರೋ ಅದನ್ನು ತಿರುಗಿ ಇಟ್ಟಿದ್ದರು.

ಅವಳು ಒಂದು ಪ್ಯಾಕೆಟ್ಟು ಕಿತ್ತುಕೊಂಡು ಮ್ಯಾನೇಜರನ ಮುಂದೆ ಎಸೆದಳು. ಮ್ಯಾನೇಜರ್ ಅದೇ ಊರಿನ ಹುಡುಗ. ಅವಳ ಕೈಯ ರೊಟ್ಟಿ ತಿಂದು ಕಾಲೇಜು ಮುಗಿಸಿದವನು.

"ಏನೋ ಇದು?" ಎಂದಳು.

ಅವನು ತಲೆ ಎತ್ತಲಿಲ್ಲ. "ಕಾಶಕ್ಕಾ, ನನ್ನ ಕೈಯಾಗ ಏನೂ ಇಲ್ಲ. ಎಲ್ಲಾ ಮ್ಯಾಲಿನವರದು" ಎಂದ.

ಅವಳು ಮೇಲಿನವರನ್ನು ಹುಡುಕಿಕೊಂಡು ಹೋದಳು. ಜಿಲ್ಲೆಯ ಊರಿನಲ್ಲಿ ಒಂದು ಕಚೇರಿ. ಅಲ್ಲಿದ್ದವರು ಕುರ್ಚಿ ಕೊಟ್ಟರು, ನೀರು ಕೊಟ್ಟರು, ರಾಜಧಾನಿಗೆ ಹೋಗಿ ಎಂದರು. ರಾಜಧಾನಿಯಲ್ಲಿ ಎತ್ತರದ ಕಟ್ಟಡ. ಅಲ್ಲಿಯೂ ಕುರ್ಚಿ ಕೊಟ್ಟರು, ನೀರು ಕೊಟ್ಟರು. ಅವಳು ಬೈದಳು. ಅವರು ನಗುಮುಖದಿಂದ ಕೇಳಿಸಿಕೊಂಡರು. ಮತ್ತಷ್ಟು ಬೈದಳು. ಅವರು ಅದೇ ನಗುಮುಖದಿಂದ, ನಿಮಗೆ ಬೇಸರವಾದದ್ದಕ್ಕೆ ವಿಷಾದಿಸುತ್ತೇವೆ ಎಂದರು. ಅವಳು ಒಪ್ಪಿಗೆ ಕೊಟ್ಟ ಚಿತ್ರವನ್ನು ಹಾಕಿ ತೋರಿಸಿದರು. ಅದರಲ್ಲಿ ಅವಳು ನಗುತ್ತಿದ್ದಳು.

"ಈ ಅಂಗಡಿ ಯಜಮಾನ ಯಾರು? ಅವನನ್ನ ಕರೀರಿ" ಎಂದಳು ಕಾಶವ್ವ.

"ಯಜಮಾನ ಅಂತ ಒಬ್ಬರಿಲ್ಲ ಅಮ್ಮ. ಷೇರು ತೆಗೆದುಕೊಂಡವರೆಲ್ಲ ಯಜಮಾನರೇ. ಸಾವಿರಾರು ಜನ ಇದ್ದಾರೆ."

"ಅದರಾಗ ಒಬ್ಬನ್ನ ಕರೀರಿ. ಒಬ್ಬನಾದರೂ ನನ್ನ ಮುಖ ನೋಡಲಿ."

ಅವರು ಬಾಗಿಲ ತನಕ ಬಂದು ಬೀಳ್ಕೊಟ್ಟರು. ಅವಳು ಹೋಗುವಾಗ ಒಂದು ಮಾತು ಸೇರಿಸಿದರು. ಕಾಶವ್ವ ಎಂಬ ಹೆಸರು ಈಗ ಕಂಪನಿಯದು. ಆ ಹೆಸರಿನ ಹಲಗೆಯನ್ನು ಅವಳು ಖಾನಾವಳಿಯಿಂದ ತೆಗೆಯಬೇಕಾಗುತ್ತದೆ.

ಬಸ್ಸಿನಲ್ಲಿ ಕುಳಿತಾಗ ಅವಳಿಗೆ ಅಳು ಬರಲಿಲ್ಲ. ಇಷ್ಟು ಜನರನ್ನು ಬೈದು ಬಂದರೂ ಒಬ್ಬರನ್ನೂ ಬೈದ ಹಾಗಾಗಿರಲಿಲ್ಲ. ಯಾರಿಗೂ ತಗಲದ ಸಿಟ್ಟನ್ನು ಅವಳು ಹಾಗೆಯೇ ಹೊತ್ತು ತಂದಳು.

ಊರಿಗೆ ಬಂದರೆ ಖಾನಾವಳಿಯಲ್ಲಿ ಜನ ಕಡಿಮೆಯಾಗಿದ್ದರು. ದೊಡ್ಡ ಅಂಗಡಿಯ ಒಳಗೇ ಊಟದ ಜಾಗ ತೆರೆದಿತ್ತು. ಮೇಷ್ಟ್ರು ಒಂದು ದಿನ ಬಂದರು. ಕೈಯಲ್ಲಿ ಆ ಪ್ಯಾಕೆಟ್ಟು.

"ನೋಡು ಕಾಶವ್ವಾ, ರಾತ್ರಿಯ ಊಟ ಈಗ ಕೋಣೆಯಲ್ಲೇ ಮಾಡಿಕೊಳ್ಳುತ್ತೇನೆ. ಆದರೆ ನಿನ್ನ ಚಟ್ನಿ ಬಿಟ್ಟಿಲ್ಲ. ಬೇರೆ ಯಾರದೂ ಮುಟ್ಟುವುದಿಲ್ಲ" ಎಂದು ಪ್ರೀತಿಯಿಂದಲೇ ಹೇಳಿದರು.

ಅವಳು ಒಳಗೆ ಹೋಗಿ ಗುರೆಳ್ಳು ಹುರಿದಳು. ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಕುಟ್ಟಿದಳು. ಬಿಸಿ ರೊಟ್ಟಿಯ ಮೇಲೆ ಚಟ್ನಿ ಹಾಕಿ, ಎಣ್ಣೆ ಬಿಟ್ಟು, ಅವರ ಮುಂದೆ ಇಟ್ಟಳು.

ಮೇಷ್ಟ್ರು ಒಂದು ತುತ್ತು ತಿಂದರು. ಇನ್ನೊಂದು ತುತ್ತು ತಿಂದರು. ಸಂಕೋಚದಿಂದ ಹೇಳಿದರು:

"ಚೆನ್ನಾಗಿದೆ. ಆದರೆ ಯಾಕೋ ಇದು ಕಾಶವ್ವನ ಚಟ್ನಿಯ ಹಾಗಿಲ್ಲ."

ಅಷ್ಟು ದಿನ ಹೊತ್ತ ಸಿಟ್ಟು ಆಗ ಉಕ್ಕಿತು. ಕಾಶವ್ವ ಅವರ ಮುಂದಿನ ತಟ್ಟೆಯನ್ನು ಎಳೆದುಕೊಂಡಳು. ಒರಳ ಪಕ್ಕದ ಗುಂಡುಕಲ್ಲು ಎತ್ತಿಕೊಂಡು ಬೀದಿಗೆ ಇಳಿದಳು. ಹೂವು ಮಾರುವವಳು ಬೇಡವೆಂದು ಅಡ್ಡ ಬಂದಳು. ಅವಳನ್ನು ತಳ್ಳಿ ದೊಡ್ಡ ಅಂಗಡಿಯ ಗಾಜಿನ ಮುಂದೆ ಹೋಗಿ ನಿಂತಳು.

ಒಳಗೆ ಮ್ಯಾನೇಜರ್ ಹುಡುಗ ನಿಂತಿದ್ದ. ಬಾಗಿಲ ಹತ್ತಿರ ನೆಲ ಒರೆಸುತ್ತಿದ್ದವಳು ಗೌಂಡಿಯ ಮಗಳು. ಕಲ್ಲು ಬಿದ್ದರೆ ಗಾಜು ತಗಲುವುದು ಅವಳಿಗೆ. ಚೂರು ಗುಡಿಸಬೇಕಾದವಳೂ ಅವಳೇ. ರಾಜಧಾನಿಯಲ್ಲಿ ಕುರ್ಚಿ ಕೊಟ್ಟು ನೀರು ಕೊಟ್ಟವರ ಕಿವಿಗೆ ಸದ್ದು ಕೂಡ ಬೀಳುವುದಿಲ್ಲ. ಹಾಗೆಂದು ಕಾಶವ್ವನ ಸಿಟ್ಟು ಇಳಿಯಲಿಲ್ಲ. ಇನ್ನೂ ಹೆಚ್ಚಾಯಿತು. ತನ್ನ ಸಿಟ್ಟಿಗೂ ಅವರು ತನ್ನ ಊರಿನ ಮಕ್ಕಳನ್ನೇ ಅಡ್ಡ ನಿಲ್ಲಿಸಿದ್ದಾರಲ್ಲ ಎಂದು ಹಲ್ಲು ಕಚ್ಚಿದಳು. ಕಲ್ಲನ್ನು ಹೊತ್ತುಕೊಂಡು ಹಿಂದಿರುಗಿದಳು.

ಬಾಗಿಲ ಮೇಲಿನ ಹಲಗೆಗೆ ತಾನೇ ಸುಣ್ಣ ಬಳಿದಳು. ಒಲೆ ಮಾತ್ರ ಆರಿಸಲಿಲ್ಲ. ಯಾರಾದರೂ ಬಂದು ಇದು ಯಾರ ಖಾನಾವಳಿ ಎಂದು ಕೇಳಿದರೆ, "ಉಂಡು ನೋಡು. ರುಚಿ ಇಲ್ಲಂದ್ರ ನನ್ನ ಬೈ. ನಾ ಇಲ್ಲೇ ಕುಂತಿರ್ತೀನಿ" ಎನ್ನುತ್ತಿದ್ದಳು. ಕೆಲವರು ಬಂದರು. ಗೌಂಡಿ ಬಂದ. ಮೂಟೆ ಹೊರುವ ಹಮಾಲರು ಬಂದರು. ಬಹಳ ಜನ ಬರಲಿಲ್ಲ. ಪೇಟೆಯಲ್ಲಿ ಕಿರಾಣಿ ಅಂಗಡಿ ಮುಚ್ಚಿತು. ಗಿರಣಿ ಮುಚ್ಚಿತು. ಉಳಿದ ಖಾನಾವಳಿಗಳೂ ಮುಚ್ಚಿದವು. ಅವಳು ದಿನಾ ಬೆಳಿಗ್ಗೆ ಸಿಟ್ಟಿನಲ್ಲೇ ಎದ್ದು, ಸಿಟ್ಟಿನಲ್ಲೇ ಚಟ್ನಿ ಕುಟ್ಟಿದಳು.

ಕೆಲವು ವರ್ಷ ಕಳೆದವು. ಒಂದು ಬೆಳಿಗ್ಗೆ ದೊಡ್ಡ ಅಂಗಡಿಯ ಮುಂದೆ ಲಾರಿಗಳು ಬಂದು ನಿಂತವು. ಆ ಊರಿನಲ್ಲಿ ನಿರೀಕ್ಷಿಸಿದಷ್ಟು ಲಾಭವಿಲ್ಲ ಎಂದು ಎಲ್ಲಿಯೋ ಯಾರೋ ತೀರ್ಮಾನಿಸಿದ್ದರು. ಮಧ್ಯಾಹ್ನದೊಳಗೆ ಕಪಾಟು ಸಹಿತ ಎಲ್ಲವನ್ನೂ ಹೇರಿಕೊಂಡು ಹೋದರು. ಮ್ಯಾನೇಜರ್ ಹುಡುಗನಿಗೂ ಹಿಂದಿನ ದಿನವೇ ಗೊತ್ತಾದದ್ದು. ಊರಿನವರು ಖಾಲಿ ಗಾಜಿನ ಮುಂದೆ ನಿಂತು ಯಾರನ್ನು ಕೇಳಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು.

ಪೇಟೆಯಲ್ಲಿ ಉಣ್ಣಲು ಅವರಿಗೆ ಉಳಿದದ್ದು ಒಂದೇ ಒಲೆ. ಎಲ್ಲರೂ ಕಾಶವ್ವನ ಬಾಗಿಲಿಗೆ ಬಂದರು. ಅವಳು ಒಬ್ಬೊಬ್ಬರನ್ನೂ ಹೆಸರು ಹಿಡಿದು ಬೈದಳು. ಅವರ ಅಪ್ಪಂದಿರ ಹೆಸರೂ ಹಿಡಿದು ಬೈದಳು. ಬೈಯುತ್ತಲೇ ಬಡಿಸಿದಳು. ಅವರು ತಲೆ ತಗ್ಗಿಸಿ ಉಂಡರು. ಮ್ಯಾನೇಜರ್ ಹುಡುಗನೂ ಬಂದ. ಅವನಿಗೆ ಎಲ್ಲರಿಗಿಂತ ಹೆಚ್ಚು ಬೈದು, ಎಲ್ಲರಿಗಿಂತ ಒಂದು ರೊಟ್ಟಿ ಹೆಚ್ಚು ಹಾಕಿದಳು.

ಕೊನೆಗೆ ಮೇಷ್ಟ್ರು ಬಂದರು. ಮೂಲೆಯಲ್ಲಿ ಕುಳಿತು ಬೈಗುಳಕ್ಕಾಗಿ ಕಾದರು. ಕಾಶವ್ವ ಅವರಿಗೆ ಬೈಯಲಿಲ್ಲ. ರೊಟ್ಟಿ ಹಾಕಿದಳು. ಪಲ್ಯ ಹಾಕಿದಳು. ಮೊಸರು ಹಾಕಿದಳು. ಚಟ್ನಿ ಹಾಕಲಿಲ್ಲ. ಮೇಷ್ಟ್ರು ಕೇಳಲೂ ಇಲ್ಲ. ಅವರು ಇರುವ ತನಕ ಅಲ್ಲಿಯೇ ಉಂಡರು. ಅವರ ತಟ್ಟೆಗೆ ಅವಳು ಚಟ್ನಿ ಹಾಕಲೇ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ಕೆಂಪಾಗಿತ್ತು.

"ಆ ಮೇಷ್ಟ್ರಿಗೆ ಹಾಗೇ ಆಗಬೇಕು, ಗುರುಗಳೇ! ಕಾಶವ್ವನ ಕೋಪ ನ್ಯಾಯದ ಕೋಪ. ನನ್ನದೂ ಅದೇ ಕೋಪ" ಎಂದ.

"ಇಷ್ಟು ಹೊತ್ತು ನೀನು ಕಾಶವ್ವನಾಗಿ ಕತೆ ಕೇಳಿದೆ. ಆ ಗಾಜಿನ ಬಾಗಿಲ ಒಳಗೆ ನೀನೂ ಹೋಗಿ ಬಂದವನು, ಈಗ ಒಮ್ಮೆ ಮೇಷ್ಟ್ರಾಗಿ ಕೇಳು" ಎಂದರು ಗುರುಗಳು.