ಕರುಗಳ ಹಿಂದೆ ಹೊರಟ ಸೈನ್ಯ

ಛಪ್ಪನ್ನಾರು ದೇಶಗಳಲ್ಲಿ ಐವತ್ತೈದು ಆಗಲೇ ಯುದ್ಧಕ್ಕಿಳಿದಿದ್ದವು. ಮೂಡಣ ಚಕ್ರವರ್ತಿಯ ಕಡೆ ಒಂದಷ್ಟು, ಪಡುವಣ ಚಕ್ರವರ್ತಿಯ ಕಡೆ ಇನ್ನೊಂದಷ್ಟು. ಮೊದಲು ಜಗಳ ತೆಗೆದವರು ಯಾರು, ಯಾತಕ್ಕೆ ಎಂಬುದು ಇಬ್ಬರಿಗೂ ಮರೆತುಹೋಗಿತ್ತು. ಹೊರಗುಳಿದದ್ದು ಹೊಳೆಸಾಲು ಎಂಬ ಪುಟ್ಟ ರಾಜ್ಯ ಮಾತ್ರ. ಅದರ ದೊರೆ ಸೋವಿದೇವನಿಗೆ ಯುದ್ಧವೆಂದರೆ ಆಗದು.

ಅಲ್ಲಿಗೆ ಮೂಡಣ ಚಕ್ರವರ್ತಿಯ ರಾಯಭಾರಿ ಬೀರಣಯ್ಯ ಸವಾರರ ದಂಡು ಕಟ್ಟಿಕೊಂಡು ಬಂದ. ಹೊಳೆಯಾಚೆಯ ಹುಣಸೆ ತೋಪಿನಲ್ಲಿ ಡೇರೆ ಹಾಕಿಸಿ, ಸಭೆಗೆ ಬಂದು ಮೀಸೆ ತೀಡಿದ.

"ವಾರದೊಳಗೆ ನಿಮ್ಮ ಕೈಗೆ ಕತ್ತಿ ಬರುತ್ತದೆ. ನಾನು ಕರೆಯುವುದೂ ಬೇಡ, ನೀವೇ ಹೊರಡುತ್ತೀರಿ."

ದೊರೆ ನಕ್ಕು ಎಳನೀರು ಕೊಡಿಸಿ ಕಳಿಸಿದ. ಮಂತ್ರಿ ತಿಪ್ಪರಸ ನಗಲಿಲ್ಲ. ಯುದ್ಧವೆಂದರೆ ಮನೆಗೊಬ್ಬ ಆಳು ಹೋಗಬೇಕು. ತಿಪ್ಪರಸನಿಗೋ ಮೊಣಕಾಲು ನೋವು. ಅವನ ಮನೆಯಿಂದ ಹೋಗಬೇಕಾದವನು ಒಬ್ಬನೇ ಮಗ ಮಾದರಸ. ಆ ಹುಡುಗನ ಮದುವೆಗೆ ಕಟ್ಟಿದ ಮಾವಿನ ತೋರಣ ಇನ್ನೂ ಪೂರ್ತಿ ಒಣಗಿರಲಿಲ್ಲ.

ಎರಡು ದಿನ ಕಳೆಯುವುದರೊಳಗೆ ಅರಮನೆಯ ಹಾಲು ಕರೆಯುವ ಹಸುಗಳೆಲ್ಲ ಮೇಯುವ ಬಯಲಿನಿಂದ ಮಾಯವಾದವು. ಕರುಗಳು ಹಟ್ಟಿಯಲ್ಲೇ ಉಳಿದಿದ್ದವು. ಬಯಲಿನಲ್ಲಿ ಪಡುವಣದವರು ಸುತ್ತುವ ಕೆಂಪು ರುಮಾಲೊಂದು ಬಿದ್ದಿತ್ತು.

ಹಸು ಕದ್ದವರನ್ನು ಹೊಳೆಸಾಲಿನವರು ಬಿಡುವವರಲ್ಲ. ಹೊಳೆಯ ದಡದಲ್ಲಿ ಸಾಲಾಗಿ ನಿಂತ ವೀರಗಲ್ಲುಗಳೆಲ್ಲ ಹಾಗೆ ದನ ಬಿಡಿಸಲು ಹೋಗಿ ಸತ್ತವರವು. ಬೆಳಿಗ್ಗೆ ಯುದ್ಧ ಯಾರಿಗೆ ಬೇಕು ಎನ್ನುತ್ತಿದ್ದವರೇ ಸಂಜೆಗೆ ಅರಮನೆ ಬಾಗಿಲಲ್ಲಿ ಈಟಿ ಕುಟ್ಟುತ್ತಿದ್ದರು. ದಳವಾಯಿ ಕೇತನಾಯಕನಂತೂ ಊಟ ಬಿಟ್ಟು ಕತ್ತಿ ಮಸೆಯಲು ಕೂತ. ಮಾದರಸ ಅಟ್ಟದಿಂದ ಅಜ್ಜನ ಈಟಿ ಇಳಿಸಿದ. ಅವನ ಹೆಂಡತಿ ಅದಕ್ಕೆ ಅರಿಸಿನ ಹಚ್ಚಿ, ಆಮೇಲೆ ಒಳಗೆ ಹೋಗಿ ಅತ್ತಳು.

ಬೀರಣಯ್ಯ ಅರಮನೆಗೆ ಓಡಿಬಂದು, ಪಡುವಣದವರ ನೀಚತನಕ್ಕೆ ದೊರೆಗಿಂತ ಹೆಚ್ಚು ಕಿಡಿಕಾರಿದ. ನಾಳೆ ಸಂಜೆಯೇ ರಣವೀಳ್ಯ ಹಿಡಿದುಬಿಡೋಣ ಎಂದ. ಆ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರೆ ಮುಗಿಯಿತು, ಯುದ್ಧದಿಂದ ಹಿಂದೆಗೆಯುವಂತಿಲ್ಲ. ಜನ ಹೋ ಎಂದರು. ದೊರೆಗೆ ಬೇರೆ ದಾರಿ ಕಾಣಲಿಲ್ಲ.

ತಿಪ್ಪರಸ ಮನೆಯ ಜಗಲಿಯಲ್ಲಿ ತಲೆ ಮೇಲೆ ಕೈಹೊತ್ತು ಕೂತ. ಅಷ್ಟರಲ್ಲಿ ಹೊಳೆಯಾಚೆ ನಗಾರಿ ಶುರುವಾಯಿತು. ದೀಪ ಹಚ್ಚಿ ಸ್ವಲ್ಪ ಹೊತ್ತಿಗೆ ನಿಂತಿತು. ಮರುದಿನ ಕೋಳಿ ಕೂಗುತ್ತಲೇ ಮತ್ತೆ ಶುರು, ಬಿಸಿಲೇರುತ್ತಲೇ ನಿಂತಿತು. ಬೀರಣಯ್ಯನ ದಂಡು ಬಂದ ದಿನದಿಂದ ಒಮ್ಮೆಯೂ ಬಾರಿಸದ ನಗಾರಿ ಅದು. ಈಗ ಬಾರಿಸಿದ್ದು ಎರಡೇ ಸಲ, ಎರಡೂ ಹಾಲು ಕರೆಯುವ ಹೊತ್ತು.

ಕರುವಿಲ್ಲದ ಹಸು ಆ ಹೊತ್ತಿಗೆ ಏನು ಮಾಡುತ್ತದೆ ಎಂದು ತಿಪ್ಪರಸ ಯೋಚಿಸಿದ. ಎದ್ದು ಪಂಚೆ ಸರಿಮಾಡಿಕೊಂಡ. ನಗಾರಿಯವರಿಗೆ ಸಂಜೆ ತನ್ನ ಮನೆಯಲ್ಲಿ ಹೋಳಿಗೆ ಊಟವೆಂದು, ಬೀರಣಯ್ಯನಿಗೆ ತಿಳಿಯದಂತೆ ಹೇಳಿಕಳಿಸಿದ.

ಸಂಜೆ ವೀರಗಲ್ಲುಗಳ ಮುಂದೆ ಜನ ಕಿಕ್ಕಿರಿದರು. ಮಾದರಸ ಮುಂದಿನ ಸಾಲಿನಲ್ಲೇ ನಿಂತಿದ್ದ. ನೊಂದವರ ಕಡೆಯ ಸಾಕ್ಷಿಯೆಂದು ತಿಪ್ಪರಸ ಕರುಗಳನ್ನೂ ಹೊಡೆಸಿಕೊಂಡು ಬಂದಿದ್ದ.

ಬೀರಣಯ್ಯ ವೀಳ್ಯದ ಬೆಳ್ಳಿ ಹರಿವಾಣ ಮುಂದೆ ಹಿಡಿದ. ತಿಪ್ಪರಸ ಕೈಮುಗಿದು, ಇಲ್ಲಿನ ಕಟ್ಟಳೆ ಸ್ವಲ್ಪ ಬೇರೆ ಎಂದ. ಶತ್ರುವಿನ ಹೆಸರು ಹೇಳುವಂತಿಲ್ಲ, ಹಸು ಯಾರ ಕೈಯಲ್ಲಿವೆಯೋ ಅವರ ಮೇಲೆ ಎಂದಷ್ಟೇ ಹೇಳಬೇಕು. ಮೊದಲ ವೀಳ್ಯ ಹಾಕಿಕೊಳ್ಳಬೇಕಾದವರು ಯುದ್ಧಕ್ಕೆ ಜೊತೆಗೆ ಬರುವ ನೆಂಟರು.

ಬೀರಣಯ್ಯನಿಗೆ ಇದಕ್ಕಿಂತ ಏನು ಬೇಕು? ಎದೆ ಸೆಟೆಸಿ ಗಟ್ಟಿಯಾಗಿ ಹೇಳಿದ: "ಈ ಹಸುಗಳು ಯಾರ ಕೈಯಲ್ಲಿವೆಯೋ ಅವರ ಮೇಲೆ ನಮ್ಮ ಚಕ್ರವರ್ತಿಗಳ ಸೈನ್ಯ ಎಲ್ಲರಿಗಿಂತ ಮುಂದೆ ನುಗ್ಗುತ್ತದೆ." ಹೇಳಿ, ವೀಳ್ಯ ಬಾಯಿಗಿಟ್ಟ.

ಎರಡು ಸಲ ಅಗಿದವನಿಗೆ ಏನೋ ಕೊರತೆಯೆನಿಸಿತು. ನಗಾರಿ ಕೇಳುತ್ತಿಲ್ಲ. ತಿರುಗಿ ನೋಡಿದರೆ, ದಡದ ಮೇಲಿನ ತಿಪ್ಪರಸನ ಜಗಲಿಯಲ್ಲಿ ತನ್ನ ನಗಾರಿಯವರು ಬಾಳೆಲೆ ಮುಂದೆ ಕೂತು ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು.

ಆಗ ಹುಣಸೆ ತೋಪಿನಿಂದ ಒಂದು ಹಸು ಅಂಬಾ ಎಂದಿತು. ಅದರ ಬೆನ್ನಿಗೆ ಇನ್ನೊಂದು, ಆಮೇಲೆ ಇಡೀ ಹಿಂಡು. ಕರುಗಳು ಬಾಲ ಎತ್ತಿ ಮೊಣಕಾಲುದ್ದದ ನೀರಿಗೆ ಧುಮುಕಿ, ಹೊಳೆ ದಾಟಿ ನೇರವಾಗಿ ಡೇರೆಗಳ ನಡುವೆ ನುಗ್ಗಿದವು. ಈಟಿ ಹಿಡಿದ ಜನವೂ ಅವುಗಳ ಹಿಂದೆ ನೀರಿಗಿಳಿಯಿತು.

ತಿಪ್ಪರಸ ಕೈಯೆತ್ತಿ ಜನರನ್ನು ತಡೆದ. ಬೀರಣಯ್ಯನ ಹತ್ತಿರ ಬಂದು ಬಹಳ ವಿನಯದಿಂದ ಕೇಳಿದ.

"ಬೀರಣಯ್ಯನವರೇ, ಈಗ ನಿಮ್ಮ ಸೈನ್ಯ ನಿಮ್ಮ ಸೈನ್ಯದ ಮೇಲೆ ನುಗ್ಗಬೇಕಾಯಿತಲ್ಲ. ಇದರಲ್ಲಿ ನಾವು ಯಾವ ಕಡೆ ನಿಲ್ಲೋಣ?"

ರಣವೀಳ್ಯ ಉಗುಳಿದರೆ ಹೇಡಿ, ನುಂಗಿದರೆ ಮಾತಿಗೆ ಬದ್ಧ. ಬೀರಣಯ್ಯ ಅದನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ತಳ್ಳಿದ. ಕೊನೆಗೆ ಅದರ ಸಂದಿಯಿಂದಲೇ, ಹಸುಗಳು ದಾರಿ ತಪ್ಪಿ ಬಂದಿರಬೇಕು, ಯಾರೂ ಕದ್ದದ್ದಲ್ಲ ಎಂದ.

"ಹಾಗಾದರೆ ಶತ್ರುವೇ ಇಲ್ಲ," ಎಂದ ತಿಪ್ಪರಸ.

ದೊರೆ ಹೊಟ್ಟೆ ಹಿಡಿದುಕೊಂಡು ವೀರಗಲ್ಲಿಗೆ ಒರಗಿ ನಕ್ಕ. ಜನರೂ ನಕ್ಕರು, ಸ್ವಲ್ಪ ನಾಚಿಕೆಯಿಂದಲೇ. ಕೇತನಾಯಕ ಮಾತ್ರ ಮಸೆದ ಕತ್ತಿಯ ಅಂಚಿಗೆ ಹೆಬ್ಬೆರಳು ಒತ್ತಿ ನೋಡಿ ನಿಟ್ಟುಸಿರು ಬಿಟ್ಟ. ಮಾದರಸ ಈಟಿಯನ್ನು ಅಪ್ಪನ ಕೈಗೆ ಕೊಟ್ಟು, ಹಸು ಹೊಡೆದು ತರಲು ಹೊಳೆ ದಾಟಿದ.

ಬೀರಣಯ್ಯ ಕುದುರೆ ಏರಿದವನು, ಚಕ್ರವರ್ತಿಗಳಿಗೆ ಏನು ಹೇಳಲಿ ಎಂದು ಮುಖ ಗಂಟಿಕ್ಕಿ ಕೇಳಿದ.

"ಇದ್ದದ್ದನ್ನೇ ಹೇಳಿ," ಎಂದ ತಿಪ್ಪರಸ. "ಹೊಳೆಸಾಲಿನವರು ಈಟಿ ಹಿಡಿದು ಬಂದಿದ್ದರು, ಹಿಂಜರಿದವನು ಮಾತ್ರ ನಿಮ್ಮ ರಾಯಭಾರಿಯೇ ಅನ್ನಿ."